ಹುಳವಿಲ್ಲದ ಬದನೆ

"ಬುದ್ಧಿ, ಒಂದು ಜೀವಿಯ ಗುಣವನ್ನು ತೆಗೆದು ಇನ್ನೊಂದರ ಬೀಜದೊಳಗೆ ಇಡುತ್ತಾರಂತೆ. ಅಂಥ ಬೀಜವನ್ನು ಬಿತ್ತುವುದು ಒಳ್ಳೆಯದೋ ಕೆಟ್ಟದ್ದೋ?"

ಕೇಳಿದವನು ಮಠದ ಶಿಷ್ಯ ಗುರುಮಲ್ಲ. ಊರಿನಲ್ಲಿ ಅವನಿಗೆ ಹೊಲವಿತ್ತು. ಹೊಸ ಬೀಜದ ಸುದ್ದಿ ಕಿವಿಗೆ ಬಿದ್ದಂದಿನಿಂದ ಅವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಿರಿಯ ಸ್ವಾಮಿಗಳು ಅವನಿಗೆ ಕುಳಿತುಕೊಳ್ಳಲು ಹೇಳಿ, ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ದೇವೀರಮ್ಮ ಎಂಬ ರೈತ ಹೆಂಗಸು ಬದನೆ ಬೆಳೆಯುತ್ತಿದ್ದಳು. ದುಂಡನೆಯ ನೇರಳೆ ಬದನೆ. ಅವಳು ನೆಟ್ಟ ಸಸಿ ಬಾಡಿದ್ದಿಲ್ಲ. ಆದರೆ ಕಾಯಿ ಕಚ್ಚುವ ಹೊತ್ತಿಗೆ ಹುಳ ಬರುತ್ತಿತ್ತು. ಹೊರಗೆ ಸೂಜಿಮೊನೆಯಷ್ಟು ತೂತು. ಕೊಯ್ದರೆ ಒಳಗೆಲ್ಲ ಹಿಕ್ಕೆ. ಹುಳ ಕಾಯಿಯೊಳಗೆ ಅಡಗಿರುವುದರಿಂದ ಹೊರಗಿನಿಂದ ಎಷ್ಟು ಔಷಧಿ ಹೊಡೆದರೂ ಸಾಲದು. ಗಂಡ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದದ್ದೇ ಹೊಡೆದದ್ದು. ಒಂದು ಬೆಳಿಗ್ಗೆ ಸಾಲಿನ ನಡುವೆಯೇ ಬಿದ್ದ. ಬಾಯಲ್ಲಿ ನೊರೆ ಬಂದಿತ್ತು. ಜೀವ ಉಳಿಯಿತು, ಕೈನಡುಕವೂ ಉಳಿಯಿತು. ಆಮೇಲೆ ಔಷಧಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಅವನು ಅನ್ನದ ಮುಂದಿನಿಂದ ಎದ್ದುಬಿಡುತ್ತಿದ್ದ. ಹೊಲದ ಕಡೆ ಮುಖ ಹಾಕುವುದನ್ನೇ ಬಿಟ್ಟ. ದೇವೀರಮ್ಮ ತಾನೇ ಪಂಪು ಹೊತ್ತಳು.

ಅಂಥ ಕಾಲದಲ್ಲಿ ಬೀಜದ ವಿಜ್ಞಾನಿಯೊಬ್ಬರು ಆ ಊರಿಗೆ ಬಂದರು. ಅವಳ ಅಂಗೈಗೆ ಒಂದು ಹಿಡಿ ಬದನೆ ಬೀಜ ಹಾಕಿದರು.

"ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವಿಯಿದೆ, ತಾಯಿ. ಅದರ ಒಂದು ಗುಣವನ್ನು ಈ ಬೀಜದೊಳಗೆ ಸೇರಿಸಿದ್ದೇವೆ. ಇದರ ಕಾಯಿ ತಿಂದ ಹುಳ ಸಾಯುತ್ತದೆ."

"ತಿಂದ ಮನುಷ್ಯ?"

"ಏನೂ ಆಗದೆಂದು ಪರೀಕ್ಷೆ ಮಾಡಿ ನೋಡಿದ್ದೇವೆ. ನಾನೂ ತಿಂದಿದ್ದೇನೆ, ನನ್ನ ಮಕ್ಕಳೂ ತಿಂದಿದ್ದಾರೆ. ಆದರೆ ಎರಡು ಮಾತು ಮರೆಯಬೇಡಿ. ಹೊಲದ ಸುತ್ತ ಕೆಲವು ಸಾಲು ಹಳೆಯ ಬದನೆ ಇರಲಿ. ಹುಳಕ್ಕೂ ಒಂದಿಷ್ಟು ಬಿಡಬೇಕು. ಬಿಡದಿದ್ದರೆ ಈ ಕಾಯಿಯನ್ನೂ ಅರಗಿಸಿಕೊಳ್ಳುವ ಹುಳ ಒಂದು ದಿನ ಹುಟ್ಟುತ್ತದೆ. ಇನ್ನೊಂದು, ದುಂಬಿಗೆ ನಿಮ್ಮ ಹೊಲ, ಪಕ್ಕದವರ ಹೊಲ ಎಂಬ ಭೇದವಿಲ್ಲ. ಈ ಹೂವಿನ ಪರಾಗವನ್ನು ಅಲ್ಲಿಗೂ ಒಯ್ದು ಅವರ ಬೀಜಕ್ಕೆ ಬೆರೆಸುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ."

ದೇವೀರಮ್ಮ ತಲೆಯಾಡಿಸಿದಳು. ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು: ಹುಳ ಸಾಯುತ್ತದೆ. ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಹೊಸ ಸಸಿಯನ್ನೇ ನೆಟ್ಟಳು. ಯಾರಿಗೂ ಹೇಳಲಿಲ್ಲ.

ಕಾಯಿ ಬಂತು. ಮೊದಲನೆಯದನ್ನು ಕೊಯ್ದು ನೋಡಿದಳು. ಒಳಗೆ ಹಾಲಿನಂಥ ತಿರುಳು. ಇನ್ನೊಂದನ್ನು ಕೊಯ್ದಳು, ಮತ್ತೊಂದನ್ನು ಕೊಯ್ದಳು. ಅಷ್ಟಕ್ಕೂ ತಾಳ್ಮೆ ಸಾಲದೆ ಕುಡುಗೋಲು ಬಿಸಾಡಿ, ಹಸಿಗಾಯಿಯನ್ನೇ ಹಲ್ಲಿನಿಂದ ಸೀಳಿದಳು. ಹುಳವಿಲ್ಲ! ಸೆರಗಿನ ತುಂಬ ಕಾಯಿ ಕಟ್ಟಿಕೊಂಡು ಊರ ಬೀದಿಯಲ್ಲಿ ಓಡಿದಳು.

"ಬನ್ರಪ್ಪೋ, ನೋಡ್ರಪ್ಪೋ! ಒಂದು ಹುಳ ತೋರಿಸಿದವರಿಗೆ ಒಂದು ಮಂಕರಿ ಕಾಯಿ!"

ಊರೇ ಸೇರಿತು. ಈಳಿಗೆಮಣೆಗಳು ಜಗಲಿಗೆ ಬಂದವು. ಹೆಂಗಸರು ಕೊಯ್ದೇ ಕೊಯ್ದರು. ಮಂಕರಿ ಯಾರ ಪಾಲಿಗೂ ಬರಲಿಲ್ಲ. ಆ ಸಂಜೆ ಗಂಡ ಮೆಲ್ಲನೆ ಹೊಲಕ್ಕೆ ಬಂದ. ಬದುವಿನ ಮೇಲೆ ನಿಂತು ಉಸಿರೆಳೆದುಕೊಂಡ. ಹಸಿ ಎಲೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಸಾಲಿನೊಳಗೆ ಇಳಿದ. ದೇವೀರಮ್ಮ ಅದನ್ನು ಕಂಡು, ನಗುತ್ತಿದ್ದವಳು ಅತ್ತುಬಿಟ್ಟಳು.

ಮರುವರ್ಷ ಬೇಲಿಯಾಚೆಯ ಮಾದಕ್ಕ ಅವಳ ಮನೆಗೆ ಬಂದಳು. ಮಾದಕ್ಕನದು ಉದ್ದನೆಯ ಹಸಿರು ಬದನೆ. ಅವಳ ಅತ್ತೆಯ ಅತ್ತೆಯ ಕಾಲದಿಂದ ಬಂದದ್ದು. ಸುತ್ತಲ ಊರಿನವರು ಆ ಬೀಜಕ್ಕೆ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳ ಕೈಯಲ್ಲಿದ್ದ ಕಾಯಿ ಮಾತ್ರ ಉದ್ದವೂ ಅಲ್ಲ, ದುಂಡೂ ಅಲ್ಲ. ಹಸಿರಿನ ಮೇಲೆ ನೇರಳೆ ಗೀರು.

"ನಾನು ಎತ್ತಿಟ್ಟ ಬೀಜದಲ್ಲೇ ಹುಟ್ಟಿದ್ದು. ಇದು ನನ್ನದೋ ನಿನ್ನದೋ, ದೇವೀರಿ?"

ದೇವೀರಮ್ಮ ಕಾಯಿಯನ್ನು ಕೊಯ್ದು ನೋಡಿದಳು. "ಹುಳವಿಲ್ಲವಲ್ಲ, ಅಕ್ಕ. ಒಳ್ಳೆಯದೇ ಆಯಿತಲ್ಲ?"

"ಒಳ್ಳೆಯದೇ ಇರಬಹುದು. ನಾನು ಕೇಳಿರಲಿಲ್ಲ. ನಾಳೆ ಬೀಜಕ್ಕೆ ಬಂದವರಿಗೆ ಏನು ಕೊಡುತ್ತಿದ್ದೇನೆಂದು ಹೇಳಲಿ?"

ಮಾದಕ್ಕ ಬೈಯಲಿಲ್ಲ. ಕಾಯಿಯ ಹೋಳುಗಳನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ದೇವೀರಮ್ಮನಿಗೆ ಅನ್ನ ಸೇರಲಿಲ್ಲ. ಹೊಸ ಗಿಡಗಳನ್ನು ಕಿತ್ತೆಸೆಯಲೆಂದು ಹೊಲಕ್ಕೆ ಹೋದಳು. ಅಲ್ಲಿ ಗಂಡ ಕಳೆ ತೆಗೆಯುತ್ತ ಹಾಡು ಗುನುಗುತ್ತಿದ್ದ. ಗಿಡಕ್ಕೆ ಕೈ ಹಾಕಲು ಅವಳಿಂದ ಆಗಲಿಲ್ಲ. ಅಲ್ಲಿಂದ ನೇರವಾಗಿ ಮಾದಕ್ಕನ ಬಾಗಿಲಿಗೆ ಹೋಗಿ ಕೇಳಿದಳು: "ಅಕ್ಕ, ನನ್ನ ಬೀಜ ಬರುವುದಕ್ಕೆ ಮೊದಲು ನಿನ್ನ ಬೀಜ ಒಯ್ದವರು ಯಾರು ಯಾರು?"

ಮಾದಕ್ಕ ನೆನಪಾದ ಊರುಗಳ ಹೆಸರು ಹೇಳಿದಳು. ದೇವೀರಮ್ಮ ಹೊರಟಳು. ಒಂದು ಮನೆಯಲ್ಲಿ ಬೀಜ ಮುಗ್ಗಿತ್ತು. ಇನ್ನೊಂದರಲ್ಲಿ ಇಲಿ ತಿಂದಿತ್ತು. ಒಬ್ಬಾಕೆ ಬೇರೆ ಬದನೆಯ ಜೊತೆ ಬೆರೆಸಿಬಿಟ್ಟಿದ್ದಳು. ಬೆಟ್ಟದ ಬುಡದ ಹಟ್ಟಿಯಲ್ಲಿ ಒಬ್ಬ ಮುದುಕನ ಒಲೆಯ ಮೇಲೆ, ಹೊಗೆಗೆ ಕಪ್ಪಾದ ದಾರದಲ್ಲಿ ಒಂದು ಒಣಗಾಯಿ ತೂಗುತ್ತಿತ್ತು. ಉದ್ದನೆಯದು.

"ಇದು ಯಾರು ಕೊಟ್ಟದ್ದು, ತಾತ?"

"ಮಾದಕ್ಕ ಕೊಟ್ಟದ್ದು, ಮೂರು ಮಳೆಗಾಲದ ಹಿಂದೆ. ಬಿತ್ತಲು ಮೈಯಲ್ಲಿ ಶಕ್ತಿಯಿಲ್ಲ, ಎಸೆಯಲು ಮನಸ್ಸಿಲ್ಲ."

ದೇವೀರಮ್ಮ ಮುದುಕನ ಕಾಲಿಗೆ ಬಿದ್ದಳು. ಆ ಕಾಯಿಯನ್ನು ಹಸುಗೂಸಿನಂತೆ ಎದೆಗೆ ಒತ್ತಿಕೊಂಡು ಬಂದಳು. ಮಾದಕ್ಕ ಅದನ್ನು ಮೊರದ ಮೇಲೆ ಒಡೆದಳು. ಬೀಜ ಗಲಗಲನೆ ಉದುರಿತು. ಒಂದನ್ನು ಉಗುರಿನಿಂದ ಒತ್ತಿ ನೋಡಿದಳು.

"ಜೀವ ಇದೆ ಕಣೇ!" ಎಂದು ಕೂಗಿದಳು. ಇಬ್ಬರೂ ಮೊರದ ಸುತ್ತ ಎಳೆಹುಡುಗಿಯರ ಹಾಗೆ ಕುಣಿದರು.

ದೇವೀರಮ್ಮ ಬೇಲಿಯ ಪಕ್ಕದ ಹೊಲಕ್ಕೆ ರಾಗಿ ಹಾಕಿದಳು. ಹೊಳೆಯಾಚೆ ದೂರದ ತುಂಡಿನಲ್ಲಿ ಹೊಸ ಬದನೆ ನೆಟ್ಟಳು. ಮಣ್ಣು ಅಷ್ಟು ಚೆನ್ನಾಗಿರಲಿಲ್ಲ. ಕಾಯಿ ಸ್ವಲ್ಪ ಕಡಿಮೆಯೇ ಬಂತು. ಸುತ್ತ ಹಳೆಯ ಬದನೆಯ ಸಾಲುಗಳನ್ನು ಹುಳಕ್ಕೆಂದೇ ಬಿಟ್ಟಳು. ಪಂಪು ಅಟ್ಟ ಸೇರಿತು.

ಊರಿನವರು ಹೊಸ ಬೀಜಕ್ಕೆ ಮುಗಿಬಿದ್ದರು. ದೇವೀರಮ್ಮ ಒಂದು ಕಟ್ಟಳೆ ಮಾಡಿದಳು. ಬೀಜ ಬೇಕೆಂದವರು ಪಕ್ಕದ ಹೊಲದವರನ್ನೂ ಕರೆದುಕೊಂಡು ಬರಬೇಕು. ಕೆಲವರು ಕೈಹಿಡಿದುಕೊಂಡು ಬಂದರು. ಕೆಲವರು ಅವಳ ಜಗಲಿಯ ಮೇಲೆಯೇ ಜಗಳವಾಡಿಕೊಂಡು ಬರಿಗೈಯಲ್ಲಿ ಹಿಂದಿರುಗಿದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಮಲ್ಲನ ಕಣ್ಣು ಹೊಳೆಯುತ್ತಿತ್ತು.

"ಹಾಗಾದರೆ ಬೀಜ ಒಳ್ಳೆಯದೇ ಎಂದಾಯಿತು, ಬುದ್ಧಿ! ನಾನೂ ಬಿತ್ತಬಹುದೇ?"

ಸ್ವಾಮಿಗಳು ಅವನ ಅಕ್ಕಪಕ್ಕ ನೋಡಿದರು.

"ನೀನು ಒಬ್ಬನೇ ಬಂದಿದ್ದೀಯಲ್ಲ, ಗುರುಮಲ್ಲ."

ಗುರುಮಲ್ಲ ಎದ್ದು ಊರಿನ ದಾರಿ ಹಿಡಿದ.