ಗುಂಡಿ ಒತ್ತಿದರೆ ಸಾಯುವ ರೇಡಿಯೋ

“ಕೇಳಿರಿ, ಹೊನ್ನಳಿವೆಯ ಮಹಾಜನಗಳೇ! ಅರಮನೆಯ ರೇಡಿಯೋಗೆ ಕಿವಿ ಇದೆ, ಬಾಯಿಲ್ಲ. ಅದರ ಮೇಲೆ ರಾಜಕುಮಾರಿ ಪದುಮಲಾದೇವಿಯವರು ಮೂರು ಒಗಟು ಕೇಳುತ್ತಾರೆ. ಇಂದು ಹೊತ್ತು ಮುಳುಗುವುದರೊಳಗೆ ಬಿಡಿಸಿದವರು ಬೇಡಿದ್ದು ಕೊಡಲಾಗುವುದು. ತಪ್ಪಿದವರ ತಲೆ ತೆಗೆಯಲಾಗುವುದು!”

ಡಂಗುರದವನು ಹೀಗೆ ಕೂಗಿದಾಗ ದುಗ್ಗಣ್ಣ ಬಂದರಿನ ಚಪ್ಪರದ ಕಂಬ ಹತ್ತಿ ಸ್ಪೀಕರ್ ಕಟ್ಟುತ್ತಿದ್ದ. ಮದುವೆಯಿರಲಿ, ಹರಿಕತೆಯಿರಲಿ, ಮೈಕ್ ಸೆಟ್ ಹಾಕಲು ಆ ಊರಿಗೆಲ್ಲ ಅವನೊಬ್ಬನೇ. ಯುವರಾಜ ಹಡಗಿನಲ್ಲಿ ಮರಳುವ ದಿನ, ಸ್ವಾಗತಕ್ಕೆ ಹಾಡು ಬೇಡವೇ? ಆದರೆ ಯಾರಿಗೂ ಹಾಡು ಬೇಕಿರಲಿಲ್ಲ. ಮೊನ್ನೆಯ ಗಾಳಿಗೆ ನದಿ ಕಡಲು ಸೇರುವ ಅಳಿವೆಯಲ್ಲಿ ನೀರಿನಡಿ ಮರಳದಿಬ್ಬ ಎದ್ದಿತ್ತು. ಹಡಗು ಎಂದಿನ ದಾರಿಯಲ್ಲಿ ಬಂದರೆ ಬಡಿದು ಒಡೆಯುವುದು ಖಂಡಿತ. ದೋಣಿ ಕಳಿಸೋಣವೆಂದರೆ ಅಲೆ ಆಳೆತ್ತರ. ರೇಡಿಯೋದಲ್ಲಿ ಹೇಳೋಣವೆಂದರೆ, ರಾಜಕುಮಾರಿ ಮೈಕಿನ ಗುಂಡಿ ಒತ್ತಿದ ಕೂಡಲೇ ಅದು ಕಣ್ಣು ಮುಚ್ಚುತ್ತಿತ್ತು.

ದುಗ್ಗಣ್ಣ ಕಂಬದಿಂದ ಜಾರಿ ಇಳಿದು ಅರಮನೆಗೆ ಓಡಿದ. ತಲೆಯ ಮಾತು ಅವನಿಗೆ ನೆನಪಾದದ್ದು ಒಳಗೆ ಹೋದ ಮೇಲೆ!

ರಾಜಕುಮಾರಿ ಆಗಲೇ ಇಬ್ಬರಿಗೆ ಮೊದಲ ಒಗಟು ಕೇಳಿದ್ದಳು. “ಒಬ್ಬ ಆಳಿದ್ದಾನೆ. ಸುಮ್ಮನೆ ಕೂತಾಗ ಗಟ್ಟಿಮುಟ್ಟು. ಕೆಲಸ ಹೇಳಿದರೆ ಕುಸಿದು ಬೀಳುತ್ತಾನೆ. ಅವನ ರೋಗ ಕಾಣುವುದು ಹೇಗೆ?”

ಆಸ್ಥಾನದ ಯಂತ್ರಪಂಡಿತರು ರೇಡಿಯೋಗೆ ಮೀಟರ್ ಹಿಡಿದು ನೋಡಿ, “ಹದಿಮೂರೂವರೆ ವೋಲ್ಟ್ ಇದೆ. ರೋಗವೇ ಇಲ್ಲ, ಗ್ರಹಚಾರ” ಎಂದರು. ಬ್ಯಾಟರಿ ವ್ಯಾಪಾರಿಯೊಬ್ಬ, “ರೋಗ ಏನು ನೋಡೋದು, ಕರೆಂಟು ಕೊಡುವ ಪೆಟ್ಟಿಗೆಯೇ ಸಾಲದು” ಎಂದು ಎರಡರಷ್ಟು ದೊಡ್ಡದನ್ನು ತಂದು ಜೋಡಿಸಿದ. ಗುಂಡಿ ಒತ್ತಿದರೆ ರೇಡಿಯೋ ಮತ್ತೆ ಸತ್ತಿತು. ಭಟರು ಹಳೆಯ ಪೆಟ್ಟಿಗೆಯನ್ನೇ ಮತ್ತೆ ಜೋಡಿಸಿ, ಇಬ್ಬರನ್ನೂ ಸೆರೆಮನೆಗೆ ಎಳೆದೊಯ್ದರು.

“ನೀನು ಯಾರಯ್ಯ?” ಎಂದರು ಅರಸರು.

“ಮೈಕ್ ಸೆಟ್ಟಿನ ದುಗ್ಗಣ್ಣ, ಒಡೆಯಾ. ರೋಗ ಕಾಣ್ಬೇಕಾದ್ರೆ ಆಳಿಗೆ ಕೆಲಸ ಹೇಳಿ, ಅವ ಕೆಲಸ ಮಾಡುವಾಗಲೇ ನಾಡಿ ಹಿಡೀಬೇಕು. ಅಮ್ಮಾ, ನೀವು ಗುಂಡಿ ಒತ್ತಿ ಹಿಡ್ಕೊಳ್ಳಿ.”

ಸಭೆ ಬೆಚ್ಚಿಬಿತ್ತು. ಆ ಮೈಕನ್ನು ರಾಜಕುಮಾರಿಯಲ್ಲದೆ ಇನ್ನೊಬ್ಬರು ಮುಟ್ಟುವಂತಿರಲಿಲ್ಲ, ರಾಜಕುಮಾರಿಗೆ ಕೆಲಸ ಹೇಳುವ ರೂಢಿಯೂ ಅರಮನೆಯಲ್ಲಿರಲಿಲ್ಲ. ಹಾಗಾಗಿ ಇಲ್ಲಿಯವರೆಗೂ ಮೀಟರ್ ಹಿಡಿದವರೆಲ್ಲ ನೋಡಿದ್ದು ಸುಮ್ಮನಿದ್ದ ರೇಡಿಯೋವನ್ನೇ! ಪದುಮಲೆ ಗುಂಡಿ ಒತ್ತಿದಳು. ಮೀಟರಿನ ಮುಳ್ಳು ಒಂಬತ್ತಕ್ಕೆ ಬಿತ್ತು. ದುಗ್ಗಣ್ಣ ಓಡಿಹೋಗಿ ಆಚೆ ಮೂಲೆಯ ಕರೆಂಟಿನ ಪೆಟ್ಟಿಗೆಗೆ ಮೀಟರ್ ಹಿಡಿದು ನೋಡಿದರೆ ಅಲ್ಲಿ ಹದಿಮೂರೂವರೆ ಹಾಗೇ ಇತ್ತು.

ಅಷ್ಟರಲ್ಲಿ ರೇಡಿಯೋದಿಂದ ಯುವರಾಜನ ಉಲ್ಲಾಸದ ದನಿ ಬಂತು. “ಅಕ್ಕಾ, ಊರಿನ ಗುಡ್ಡ ಕಾಣ್ತಾ ಉಂಟು! ಇನ್ನು ಅರ್ಧ ಗಂಟೆ. ನೀನ್ಯಾಕೆ ಮಾತಾಡುದಿಲ್ಲ, ಕೋಪವಾ?”

ಪದುಮಲೆ ಎರಡನೆಯ ಒಗಟು ಕೇಳಿದಳು. “ಹೊರಟ ಮನೆಯಲ್ಲಿ ಪೂರ್ತಿ ಇದೆ, ಸೇರುವ ಮನೆಗೆ ಅರೆಬರೆ ಬರುತ್ತದೆ. ನಡುವೆ ಒಬ್ಬ ಕಳ್ಳ. ನಿಂತವರನ್ನು ಮುಟ್ಟುವುದಿಲ್ಲ, ನಡೆದವರನ್ನು ಬಿಡುವುದಿಲ್ಲ, ಕದ್ದದ್ದನ್ನು ಇಟ್ಟುಕೊಳ್ಳುವುದೂ ಇಲ್ಲ. ಯಾರವನು?”

ದುಗ್ಗಣ್ಣ ತಂತಿಯ ಮೇಲೆ ಕೈಯಾಡಿಸಿದ. ಬೆಚ್ಚಗಿತ್ತು. “ಇಗೊಳ್ಳಿ ಕಳ್ಳ! ಸಣ್ಣ ತಂತಿ, ಅದೂ ಹದಿನೈದು ಮಾರು. ಕದ್ದದ್ದೆಲ್ಲ ಬಿಸಿಯಾಗಿ ಗಾಳಿಗೆ ಹೋಗ್ತದೆ. ಪೆಟ್ಟಿಗೆಯನ್ನು ಅಷ್ಟು ದೂರ ಇಟ್ಟದ್ದು ಯಾರು ಮಾರಾಯ್ರೆ?”

ಇಟ್ಟಿದ್ದು ಪುರೋಹಿತರು. ಪೆಟ್ಟಿಗೆ ಬೆಂಕಿಯ ಜಾತಿ ಎಂದು ಅದಕ್ಕೆ ಆಗ್ನೇಯ ಮೂಲೆ, ರೇಡಿಯೋ ದೇವವಾಣಿ ಎಂದು ಅದಕ್ಕೆ ಈಶಾನ್ಯ. “ಕದಲಿಸಿದರೆ ಅನಾಹುತ!” ಎಂದು ಅವರು ಅಡ್ಡ ನಿಂತರು. ಅರಸರು ಕಿಟಕಿಯಾಚೆ ನೋಡಿದರು. ದೂರದಲ್ಲಿ ಹಡಗಿನ ಹಾಯಿ ಕಾಣುತ್ತಿತ್ತು. “ಅನಾಹುತ ಬರ್ತಾ ಇದೆ, ಸ್ವಾಮಿ. ದಾರಿ ಬಿಡಿ” ಎಂದರು.

ದುಗ್ಗಣ್ಣ ಪೆಟ್ಟಿಗೆಯನ್ನು ಹೊತ್ತು ರೇಡಿಯೋ ಪಕ್ಕಕ್ಕೆ ತಂದ. ತನ್ನ ಚೀಲದಲ್ಲಿದ್ದ ಜನರೇಟರಿನ ಹೆಬ್ಬೆರಳು ದಪ್ಪದ ತಂತಿ ಒಂದು ಮಾರು ಕತ್ತರಿಸಿ ಬಿಗಿದ. ಪದುಮಲೆ ಗುಂಡಿ ಒತ್ತಿ, “ತಮ್ಮಾ, ಅಳಿವೆ...” ಅಂದಳು. ಅಷ್ಟೇ. ಮುಳ್ಳು ಹನ್ನೊಂದಕ್ಕೆ ಬಂದು ರೇಡಿಯೋ ಆರಿತು. ದುಗ್ಗಣ್ಣನಿಗೆ ಕತ್ತಿನ ಸುತ್ತ ತಣ್ಣಗಾಯಿತು.

“ಮೂರನೆಯದು,” ಎಂದಳು ಪದುಮಲೆ. “ಇಬ್ಬರು ಕೈ ಹಿಡಿದುಕೊಂಡಿದ್ದಾರೆ. ನೋಡಿದವರಿಗೆ ಎಲ್ಲ ಸರಿ ಇದೆ. ಆದರೆ ನಡುವೆ ಏನೋ ಕೂತು ಒಬ್ಬರದು ಇನ್ನೊಬ್ಬರಿಗೆ ಮುಟ್ಟಗೊಡುತ್ತಿಲ್ಲ. ಏನದು?”

ಕೈ ಹಿಡಿದವರು ಎಂದರೆ ಜೋಡಣೆ. ದುಗ್ಗಣ್ಣ ಪೆಟ್ಟಿಗೆಯ ಹಿತ್ತಾಳೆಯ ತಿರುಪನ್ನು ಮುಟ್ಟಿದ, ಚುರ್ ಎಂದಿತು! ಪೆಟ್ಟಿಗೆ ಆರಿಸಿ ಬಗ್ಗಿ ನೋಡಿದ. ವರ್ಷ ವರ್ಷದ ಆಯುಧಪೂಜೆಯ ಅರಿಶಿನ ಕುಂಕುಮ ಪದರ ಪದರವಾಗಿ ಕೂತಿತ್ತು. ಅದರಡಿಯಲ್ಲಿ ಹಸಿರು ಕಿಲುಬು.

“ಭಕ್ತಿ ಹೆಚ್ಚಾಯ್ತು, ಒಡೆಯಾ. ಕುಂಕುಮ ಕರೆಂಟಿನ ದಾರಿಯಲ್ಲೇ ಕೂತಿದೆ.”

ಪುರೋಹಿತರು ಕಿವಿ ಮುಚ್ಚಿಕೊಂಡರು. ದುಗ್ಗಣ್ಣ ತಿರುಪನ್ನು ಕಣ್ಣಿಗೊತ್ತಿ, “ದೇವರೇ, ತಪ್ಪಾಯ್ತು” ಎಂದು ಮರಳುಕಾಗದದಿಂದ ಹೊಳೆಯುವಷ್ಟು ಉಜ್ಜಿದ, ಗಟ್ಟಿಯಾಗಿ ಬಿಗಿದ. “ಒತ್ತಿ ಅಮ್ಮಾ!”

ಮುಳ್ಳು ಒಂದಿಷ್ಟು ಅಲುಗಿ ಹದಿಮೂರರ ಮೇಲೇ ನಿಂತಿತು. ಪದುಮಲೆ ಒಂದೇ ಉಸಿರಿನಲ್ಲಿ ಕೂಗಿದಳು. “ತಮ್ಮಾ, ಅಳಿವೆಯಲ್ಲಿ ದಿಬ್ಬ ಎದ್ದಿದೆ! ಉತ್ತರಕ್ಕೆ ತಿರುಗು, ಕಲ್ಲುಬಂಡೆಯ ಕಡವಿಗೆ ಬಾ! ಓವರ್!”

ಗೊರಗೊರ ಸದ್ದು. ಆಮೇಲೆ, “ಕೇಳಿಸ್ತು ಅಕ್ಕಾ! ತಿರುಗಿಸಿದೆವು. ನಲವತ್ತು ಜನವೂ ಕ್ಷೇಮ!”

ಅರಸರು ಸಿಂಹಾಸನ ಮರೆತು ನೆಲದಲ್ಲೇ ಕೂತರು. “ಕೇಳಪ್ಪಾ, ಏನು ಬೇಕು? ಅರ್ಧ ರಾಜ್ಯವೇ?”

“ಸೆರೆಯಲ್ಲಿರುವ ಆ ಇಬ್ಬರನ್ನು ಬಿಡಿ, ಒಡೆಯಾ. ಗೊತ್ತಿಲ್ಲದ್ದಕ್ಕೆ ತಲೆ ತೆಗೆದ್ರೆ ಊರಲ್ಲಿ ಯಾರೂ ಉಳಿಯುದಿಲ್ಲ.”

ಅವರನ್ನು ಬಿಟ್ಟರು. ರೇಡಿಯೋ ಮನೆಯ ಯಜಮಾನಿಕೆ ಅಂದಿನಿಂದಲೇ ದುಗ್ಗಣ್ಣನದಾಯಿತು. ಅಷ್ಟರಲ್ಲಿ ಯುವರಾಜ, “ಅಕ್ಕಾ, ಸರಿ ಮಾಡಿದ್ದು ಯಾರು?” ಎಂದು ಕೇಳಿದ.

ಪದುಮಲೆ ಯಾರೂ ಮುಟ್ಟಬಾರದ ಆ ಮೈಕನ್ನು ದುಗ್ಗಣ್ಣನ ಕೈಗೆ ಕೊಟ್ಟಳು. “ನೀನೇ ಹೇಳು.”

ಹತ್ತು ವರ್ಷ ಮೈಕ್ ಕಟ್ಟಿದವನು ಅದರಲ್ಲಿ ಆಡಿದ ಮಾತು ಒಂದೇ, ‘ಹಲೋ, ಮೈಕ್ ಟೆಸ್ಟಿಂಗ್.’ ಆಮೇಲೆ ಪಕ್ಕಕ್ಕೆ ಸರಿಯುವುದು, ದೊಡ್ಡವರು ಮಾತಾಡುವುದು. ಇವತ್ತು ಸರಿಯಬೇಕಾಗಿರಲಿಲ್ಲ. ಅವನು ಗುಂಡಿ ಒತ್ತಿದ, ಗಂಟಲು ಸರಿಮಾಡಿಕೊಂಡ.

“ಹಲೋ... ನಾನು ದುಗ್ಗಣ್ಣ ಮಾತಾಡ್ತಾ ಇದ್ದೇನೆ” ಎಂದ. ಹಡಗಿನಿಂದ ನಲವತ್ತು ಜನ ಒಟ್ಟಿಗೆ ಅವನ ಹೆಸರು ಕೂಗಿದರು.