ಹೊಸ ಪಿಕಪ್ಪು, ಐರಿನಕ್ಕನ ಗಂಟಲು

ದೇವೇಂದ್ರ ಒಬ್ಬ ಹಾಡುಗಾರ್ತಿಯ ದನಿ ಕೊಂದ. ಕೈಯಿಂದ ಹಿಸುಕಿ ಕೊಲ್ಲಲಿಲ್ಲ, ಗಿಟಾರಿನಿಂದ ಕೊಂದ. ಅವನಿಗೆ ಯಾರೂ ಶಿಕ್ಷೆ ಕೊಡಲಿಲ್ಲ. ಇಂಥ ತಪ್ಪಿಗೆ ಕಾನೂನಿನಲ್ಲಿ ಶಿಕ್ಷೆಯೇ ಇಲ್ಲ. ಅದಕ್ಕೇ ಇದನ್ನು ಹೇಳಬೇಕಾಗಿದೆ.

ಹುಬ್ಬಳ್ಳಿಯ ರೈಲ್ವೆ ಕಾಲೋನಿಯಲ್ಲಿ ಮೂವರ ಒಂದು ಬ್ಯಾಂಡ್ ಇತ್ತು. ಐರಿನಕ್ಕ ಹಾಡುತ್ತಿದ್ದಳು. ಖಾಜಾಸಾಬ ಡ್ರಮ್ಸ್ ಬಾರಿಸುತ್ತಿದ್ದ. ದೇವೇಂದ್ರನದು ಎಲೆಕ್ಟ್ರಿಕ್ ಗಿಟಾರು. ಹಳೆಯ ಇಂಗ್ಲಿಷ್ ರಾಕ್ ಹಾಡುಗಳೆಂದರೆ ಮೂವರಿಗೂ ಪ್ರಾಣ. ಚಿಕ್ಕಂದಿನಲ್ಲಿ ಕಾಲೋನಿಯ ಸಭಾಂಗಣದ ಕಿಟಕಿಗೆ ಜೋತುಬಿದ್ದು ಕೇಳಿದ್ದ ಹಾಡುಗಳು ಅವು.

ಉಳಿದಿಬ್ಬರಿಗೆ ಹಾಡು ಹವ್ಯಾಸ. ಐರಿನಕ್ಕನಿಗೆ ಅದು ಅನ್ನ. ಒಂದು ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದಳು. ಒಮ್ಮೆ ಅವಳ ಗಂಟಲಿನಲ್ಲಿ ಗಂಟು ಬೆಳೆದು ಆಪರೇಷನ್ ಆಗಿತ್ತು. "ಹಾಡ್ರಿ, ಅಡ್ಡಿಯಿಲ್ಲ. ಆದರ ಒದರಬ್ಯಾಡ್ರಿ. ಒದರಿದ್ರ ಇದ್ದದ್ದೂ ಹೋಗ್ತದ" ಎಂದು ಡಾಕ್ಟರು ಎಚ್ಚರಿಸಿದ್ದರು. ಆ ಮಾತು ದೇವೇಂದ್ರನ ಎದುರಿಗೇ ಆಗಿತ್ತು. ಅವಳನ್ನು ಸ್ಕೂಟರಿನ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದವನೇ ಅವನು.

ಅಂದಿನಿಂದ ಅವರಲ್ಲಿ ಒಂದು ಪದ್ಧತಿ ಬಂತು. ಗಿಟಾರಿನ ಮೈಮೇಲೆ ಸದ್ದು ಏರಿಸಿ ಇಳಿಸುವ ಒಂದು ಗುಂಡಿ ಇರುತ್ತದೆ. ಐರಿನಕ್ಕ ಹಾಡಲು ಉಸಿರೆಳೆದುಕೊಂಡ ಕೂಡಲೇ ದೇವೇಂದ್ರನ ಕಿರುಬೆರಳು ಆ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತಿತ್ತು. ಗಿಟಾರು ತಗ್ಗಿ ಅವಳಿಗೆ ದಾರಿ ಬಿಡುತ್ತಿತ್ತು. ಅವಳು ಸಾಲು ಮುಗಿಸಿದ ಮೇಲೆ ಮತ್ತೆ ಏರುತ್ತಿತ್ತು. ಹಳೆಯ ರಾಕ್ ಹಾಡಿನ ಸೊಗಸೇ ಈ ಏರಿಳಿತ. ಮೆಲ್ಲಗೆ ಮೀಟಿದರೆ ತಿಳಿಯಾದ ದನಿ. ಬಿರುಸಾಗಿ ಮೀಟಿದರೆ ತುಸು ಬಿರುಕುಬಿಟ್ಟು ಗುರುಗುಟ್ಟುವ ದನಿ. ಎರಡೂ ಒಂದೇ ಕೈಯಲ್ಲಿ ಇರಬೇಕು.

ಒಂದು ದಿನ ಕಾಲೇಜೊಂದರಲ್ಲಿ ಕಾರ್ಯಕ್ರಮ. ಇವರಿಗಿಂತ ಮೊದಲು ಹರೆಯದ ಹುಡುಗರ ಬ್ಯಾಂಡೊಂದು ನುಡಿಸಿ ಹೋಗಿತ್ತು. ಕಿವಿ ಹರಿಯುವ ಹಾಗೆ ನುಡಿಸಿತ್ತು. ಅದಾದ ಮೇಲೆ ದೇವೇಂದ್ರ ಗಿಟಾರು ಮೀಟಿದ. ಮುಂದಿನ ಸಾಲಿನಿಂದ ಒಬ್ಬ ಕೂಗಿದ:

"ಅಂಕಲ್, ಕರೆಂಟ್ ಹೋಗೇತೇನ್ರಿ?"

ಸಭೆಗೆ ಸಭೆಯೇ ನಕ್ಕಿತು. ಐರಿನಕ್ಕನೂ ನಕ್ಕಳು. "ಹೋಗಿಲ್ಲೋ ತಮ್ಮಾ, ನಮ್ಮದು ಸೀಮೆಎಣ್ಣಿ ಗಿಟಾರ!" ಎಂದು ಮೈಕಿನಲ್ಲೇ ಹೇಳಿ ಎಲ್ಲರನ್ನೂ ಇನ್ನೊಮ್ಮೆ ನಗಿಸಿದಳು. ದೇವೇಂದ್ರನಿಗೆ ನಗು ಬರಲಿಲ್ಲ. ಮನೆಗೆ ಬಂದರೂ ಆ ಮಾತು ಕಿವಿಯಲ್ಲಿ ಕೊರೆಯುತ್ತಲೇ ಇತ್ತು.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಒಳಗೆ ಅಯಸ್ಕಾಂತ, ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಅದಕ್ಕೆ ಪಿಕಪ್ ಎನ್ನುತ್ತಾರೆ. ಗಿಟಾರಿನ ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುವುದು ಅದರ ಕೆಲಸ. ದೇವೇಂದ್ರನ ಹಳೆಯ ಪಿಕಪ್ ಮೆದು ಸ್ವಭಾವದ್ದು. ಅವನು ಅದನ್ನು ಕಿತ್ತು ಹೊಸ ಕಾಲದ ಜೋರು ಪಿಕಪ್ ತರಿಸಿದ. ತಾನೇ ಬೆಸುಗೆ ಹಾಕಿ ಕೂರಿಸಿದ. ತಂತಿಗೆ ಇನ್ನೇನು ತಾಗಬೇಕು, ಅಷ್ಟು ಮೇಲಕ್ಕೆ ಏರಿಸಿದ.

ತಾಲೀಮಿನ ದಿನ ಮೊದಲ ಏಟಿಗೇ ಗೋಡೆಯ ಕ್ಯಾಲೆಂಡರು ನಡುಗಿತು.

"ಹೆಂಗೈತಿ?" ಎಂದ ದೇವೇಂದ್ರ, ಮುಖವರಳಿಸಿ.

ಖಾಜಾಸಾಬ ಕಿವಿ ಉಜ್ಜಿಕೊಂಡ. "ನಮ್ಮ ಓಣ್ಯಾಗಿನ ಗಿರಣಿನೂ ಹಿಂಗ ಒದರತೈತಿ. ಅಲ್ಲಿ ಹಿಟ್ಟರ ಬೀಳ್ತೈತಿ."

ಐರಿನಕ್ಕ ನಗಲಿಲ್ಲ. "ದೇವು, ಮೆಲ್ಲಕ ಹೊಡದ್ರೂ ಅಷ್ಟ, ಜೋರ್ ಹೊಡದ್ರೂ ಅಷ್ಟ. ಎಲ್ಲಾ ಒಂದ ಸಮ ಆತಲ್ಲೋ. ಇದರಾಗ ನಾ ಎಲ್ಲಿ ನಿಂದರ್ಲಿ?"

ದೇವೇಂದ್ರ ಗೊಣಗುತ್ತಲೇ ಸ್ಕ್ರೂಡ್ರೈವರ್ ತೆಗೆದ. ಪಿಕಪ್ಪಿನ ಎರಡೂ ಬದಿಯ ಸ್ಕ್ರೂ ತಿರುಗಿಸಿ ಅದನ್ನು ತಂತಿಯಿಂದ ದೂರ, ಕೆಳಕ್ಕೆ ಇಳಿಸಿದ. ಆಂಪ್ಲಿಫೈಯರ್ ತಗ್ಗಿಸಿದ. ಗಿಟಾರಿನ ಗುಂಡಿಯನ್ನು ಹತ್ತರಿಂದ ಮೂರಕ್ಕೆ ತಂದ. ಮತ್ತೆ ಮೀಟಿದ.

ಅದೇ ಹಳೆಯ ದನಿ ಬಂತು. ತುಸು ದಪ್ಪ, ಆದರೆ ಅದೇ. ಮೆಲ್ಲಗೆ ಮೀಟಿದಾಗ ತಿಳಿ, ಬಿರುಸಾಗಿ ಮೀಟಿದಾಗ ಗುರುಗುರು. ಐರಿನಕ್ಕ ಕಣ್ಣುಮುಚ್ಚಿ ಒಂದು ಇಡೀ ಹಾಡು ಹಾಡಿದಳು.

"ಇಷ್ಟ ಸಾಕು ನೋಡಪಾ," ಎಂದ ಖಾಜಾಸಾಬ. "ಹುಲಿ ತಂದಿ, ಅದಕ್ಕ ಕುಂದ್ರಾಕೂ ಕಲಿಸಿದಿ. ಇನ್ನೇನ ಬೇಕು?"

ಇಲ್ಲಿ ಸ್ವಲ್ಪ ನಿಲ್ಲಿ. ಪಿಕಪ್ಪಿನ ಮೇಲೆ ತಪ್ಪು ಹೊರಿಸುವವರು ಇದನ್ನು ಕೇಳಿಸಿಕೊಳ್ಳಲಿ. ಆ ಡಬ್ಬಿ ಯಾರ ಶತ್ರುವೂ ಅಲ್ಲ. ತಗ್ಗಿಸಿದರೆ ತಗ್ಗುತ್ತಿತ್ತು. ಹೇಗೆ ತಗ್ಗಿಸಬೇಕೆಂದು ದೇವೇಂದ್ರನಿಗೆ ಗೊತ್ತಿತ್ತು. ತನ್ನ ಕೈಯಾರೆ ಮಾಡಿ, ತನ್ನ ಕಿವಿಯಾರೆ ಕೇಳಿದ್ದ. ಮುಂದೆ ಆಗಿದ್ದು ಅರಿಯದೆ ಮಾಡಿದ ತಪ್ಪಲ್ಲ.

ಅದೇ ಕಾಲೇಜಿನವರು ಮತ್ತೆ ಕರೆದರು. ವೇದಿಕೆಯ ಪಕ್ಕದ ಕೋಣೆಯಿಂದ ದೇವೇಂದ್ರ ಪರದೆ ಸರಿಸಿ ನೋಡಿದ. ಮುಂದಿನ ಸಾಲಿನಲ್ಲಿ ಅವೇ ಮುಖಗಳು. ಇಷ್ಟು ಬಲ ತಂದು ಗುಂಡಿಯನ್ನು ಮೂರರಲ್ಲೇ ಇಟ್ಟುಕೊಂಡರೆ ಅದು ನನ್ನ ಹತ್ತಿರ ಇದೆಯೆಂದು ಇವರಿಗೆ ಗೊತ್ತಾಗುವುದು ಹೇಗೆ ಎಂದುಕೊಂಡ. ಸ್ಕ್ರೂಡ್ರೈವರ್ ತೆಗೆದುಕೊಂಡು ಪಿಕಪ್ಪನ್ನು ಮತ್ತೆ ಮೇಲಕ್ಕೆ ಏರಿಸತೊಡಗಿದ.

"ಏನ್ ಮಾಡಾಕತ್ತೀಯೋ?" ಐರಿನಕ್ಕ ಬಿಸಿನೀರು ಗುಟುಕರಿಸುತ್ತ ಕೇಳಿದಳು.

"ಏನಿಲ್ಲಕ್ಕಾ. ಸಡ್ಲ ಆಗಿತ್ತು, ಬಿಗಿ ಮಾಡಿದೆ."

ಅವಳು ನಂಬಿದಳು.

ವೇದಿಕೆಯಲ್ಲಿ ದೇವೇಂದ್ರ ಆಂಪ್ಲಿಫೈಯರನ್ನೂ ಗುಂಡಿಯನ್ನೂ ಪೂರ್ತಿ ಏರಿಸಿದ. ಮೊದಲ ಹಾಡಿಗೇ ಸಭೆ ಎದ್ದು ಕುಣಿಯಿತು. ಐರಿನಕ್ಕ ಬಾಯಿ ತೆರೆದಳು. ಅವಳ ದನಿ ಅವಳಿಗೇ ಕೇಳಲಿಲ್ಲ. ದೇವೇಂದ್ರನ ಕಡೆ ತಿರುಗಿ ಅಂಗೈ ಕೆಳಗೆ ಮಾಡಿ ತೋರಿಸಿದಳು, ತಗ್ಗಿಸು ಎಂದು. ಅವನು ನೋಡಿದ. ಅವನ ಕಿರುಬೆರಳು ಗುಂಡಿಯ ತನಕ ಹೋಯಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಶಿಳ್ಳೆ ಬಂತು. "ಅಂಕಲ್, ಬೆಂಕಿ! ಬೆಂಕಿ!" ಎಂದು ಯಾರೋ ಕೂಗಿದರು.

ಬೆರಳು ವಾಪಸು ಬಂತು.

ಅರ್ಧಕ್ಕೆ ಬಿಟ್ಟು ಇಳಿದುಹೋಗುವ ಜಾತಿಯವಳಲ್ಲ ಐರಿನಕ್ಕ. ಮೈಕನ್ನು ತುಟಿಗೆ ಒತ್ತಿಕೊಂಡಳು. ಕತ್ತಿನ ನರ ಉಬ್ಬಿ ಬಂತು. ಒದರಿದಳು. ಹಾಡಿನ ಮೇಲೆ ಹಾಡು ಒದರಿದಳು. ಕೊನೆಯ ಹಾಡಿನಲ್ಲಿ ದೇವೇಂದ್ರನಿಗೆ ಉದ್ದನೆಯ ಒಂಟಿ ವಾದನವಿತ್ತು. ಅವನು ಕಣ್ಣುಮುಚ್ಚಿ, ಬೆನ್ನು ಬಾಗಿಸಿ ನುಡಿಸಿದ. ಅಷ್ಟು ದೊಡ್ಡ ಸದ್ದು ಅವನ ಕೈಯಿಂದ ಎಂದೂ ಬಂದಿರಲಿಲ್ಲ. ಮುಗಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಅವನು ಕೈಮುಗಿದು, ಬೆವರೊರೆಸಿಕೊಂಡು ಪಕ್ಕಕ್ಕೆ ತಿರುಗಿದ.

ಮೈಕಿನ ಮುಂದೆ ಯಾರೂ ಇರಲಿಲ್ಲ. ಡ್ರಮ್ಸಿನ ಹಿಂದೆಯೂ ಯಾರೂ ಇರಲಿಲ್ಲ.

ಐರಿನಕ್ಕ ವೇದಿಕೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಎರಡೂ ಕೈ ಗಂಟಲ ಮೇಲಿದ್ದವು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಬರೀ ಗಾಳಿ ಬರುತ್ತಿತ್ತು. ಖಾಜಾಸಾಬ ಅವಳ ಬೆನ್ನು ಹಿಡಿದುಕೊಂಡಿದ್ದ.

"ಯಾವಾಗ ನಿಲ್ಸಿದ್ಲು?" ಎಂದ ದೇವೇಂದ್ರ.

"ಎರಡನೇ ಚರಣದಾಗ. ನಾನೂ ಅವಾಗ ಎದ್ದು ಬಂದೆ." ಖಾಜಾಸಾಬ ತಲೆಯೆತ್ತಿ ನೋಡಿದ. "ನಿನಗ ಗೊತ್ತ ಆಗ್ಲಿಲ್ಲ. ಹೌದಿಲ್ಲೋ?"

ದನಿ ಮರಳಲಿಲ್ಲ. ಡಾಕ್ಟರು ಟಾರ್ಚು ಹಾಕಿ ಒಳಗೆ ನೋಡಿ ತಲೆಯಾಡಿಸಿದರು. ಪಿಸುಮಾತಷ್ಟೇ ಉಳಿಯಿತು. ಶಾಲೆಯವರು ಕೆಲವು ದಿನ ಕಾದು ಪ್ರಾರ್ಥನೆಗೆ ಮೊಬೈಲಿನಲ್ಲಿ ಹಾಡು ಹಚ್ಚತೊಡಗಿದರು. ಆಮೇಲೆ ಅವಳಿಗೆ ಬರಬೇಡಿ ಎಂದರು. ಚರ್ಚಿನಲ್ಲಿ ಅವಳು ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಎಲ್ಲರೂ ಎದ್ದು ಹಾಡುವಾಗ ಎದ್ದು ನಿಲ್ಲುತ್ತಾಳೆ, ಅಷ್ಟೇ. ಬ್ಯಾಂಡು ಮುರಿಯಿತು. ಖಾಜಾಸಾಬ ಡ್ರಮ್ಸಿಗೆ ಬಟ್ಟೆ ಹೊದಿಸಿದ. ದೇವೇಂದ್ರ ಎದುರಿಗೆ ಬಂದರೆ ರಸ್ತೆ ದಾಟಿ ಹೋಗುತ್ತಾನೆ.

ಒಂದು ಸಂಜೆ ದೇವೇಂದ್ರ ಗಿಟಾರು ಹೊತ್ತು ಐರಿನಕ್ಕನ ಮನೆಗೆ ಹೋದ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಪಿಕಪ್ಪನ್ನು ಕೆಳಗಿಳಿಸಿಕೊಂಡು ಬಂದಿದ್ದ. ಅವಳ ಎದುರು ಕುಳಿತು ಅವಳಿಗೆ ಇಷ್ಟವಾದ ಹಾಡು ನುಡಿಸಿದ. ಹಳೆಯ ದನಿ ಚೆಂದವಾಗಿ ಬಂತು. ಅವಳ ಸಾಲು ಬರುವ ಜಾಗದಲ್ಲಿ ಬೆರಳು ತಾನಾಗಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿತು. ಗಿಟಾರು ತಗ್ಗಿತು. ಆ ತೆರಪಿನಲ್ಲಿ ಏನೂ ಬರಲಿಲ್ಲ. ಅವನು ನಿಲ್ಲಿಸಿಬಿಟ್ಟ.

"ಯಾಕ ನಿಲ್ಸಿದಿ? ಚೊಲೋ ಬಂದಿತ್ತಲ್ಲ," ಐರಿನಕ್ಕ ಪಿಸುಗುಟ್ಟಿದಳು.

"ಅಕ್ಕಾ, ಇಷ್ಟೆಲ್ಲಾ ಆಗ್ತದಂತ ನನಗ ತಿಳೀಲಿಲ್ಲ."

"ತಗ್ಗಿಸಾಕ ಬರ್ತೈತಂತ ತಿಳಿದಿತ್ತಲ್ಲೋ."

ಅವಳು ಬೈಯಲಿಲ್ಲ. ಬೈಯಲು ದನಿ ಬೇಕು.

ನೀತಿ: ಬಲ ಇರುವುದು ತಪ್ಪಲ್ಲ. ತಗ್ಗಿಸಲು ಬರುತ್ತಿದ್ದರೂ, ತನ್ನ ಬಲ ನಾಲ್ಕು ಜನಕ್ಕೆ ಕಾಣಲೆಂದು ತಗ್ಗಿಸದೆ ಇರುವುದು ಅಪರಾಧ. ಹಾಗೆ ಮಾಡಿದವನಿಗೆ ಪಕ್ಕದವರ ದನಿ ನಿಂತದ್ದೂ ಕೇಳಿಸುವುದಿಲ್ಲ. ಚಪ್ಪಾಳೆ ಮಾತ್ರ ಕೇಳಿಸುತ್ತದೆ. ಇದನ್ನು ಓದಿ, ಒಂದು ಕೈಮುಗಿಯುವ ಚಿತ್ರ ಹಾಕಿ, ಇನ್ನೊಬ್ಬರಿಗೆ ಕಳಿಸಿ ಸುಮ್ಮನಾಗಬೇಡಿ. ನಿಮ್ಮ ಮನೆಯಲ್ಲಿ, ನಿಮ್ಮ ಕೆಲಸದ ಜಾಗದಲ್ಲಿ, ನಿಮ್ಮ ಸಭೆಯಲ್ಲಿ ನಿಮ್ಮ ಸದ್ದಿಗೆ ಹೆದರಿ ಮಾತು ನಿಲ್ಲಿಸಿದವರು ಇದ್ದಾರೆ. ಅವರು ಯಾರೆಂದು ನಿಮಗೆ ಗೊತ್ತು. ಇವತ್ತೇ ಅವರ ಎದುರು ಹೋಗಿ ಕುಳಿತುಕೊಳ್ಳಿ. ನೀವು ಬಾಯಿ ಮುಚ್ಚಿ. ಅವರು ಮಾತಾಡಲಿ.