ಸೊಳ್ಳೆ ಸಾಹೇಬರ ಸನ್ಮಾನ

ಸೊಳ್ಳೆ ಓಡಿಸುವ ಹೊಗೆಗೆಂದು ಸರ್ಕಾರ ಕೊಟ್ಟ ದುಡ್ಡು ಎಲ್ಲಿ ಹೋಯಿತೋ, ಹೊಗೆಯಂತೂ ಊರಿಗೆ ಬರಲಿಲ್ಲ. ಪಂಚಾಯಿತಿ ಜವಾನ ಚಿಕ್ಕಮಾದುವಿನ ಮಗಳು ಡೆಂಗಿ ಜ್ವರದಲ್ಲಿ ಮಲಗಿದ್ದಳು. ಅಷ್ಟರಲ್ಲಿ ಆರೋಗ್ಯ ಇಲಾಖೆಯ ಸಾಹೇಬರು ಪಂಚಾಯಿತಿಗೆ ಹೇಳಿಕಳಿಸಿದರು: "ಸೊಳ್ಳೆ ನಿರ್ಮೂಲ ಮಾಡಿದ್ದೀನಿ. ನನಗೊಂದು ಸನ್ಮಾನ ಇಟ್ಕೊಳ್ಳಿ."

ಚಿಕ್ಕಮಾದು ಮುಸ್ಸಂಜೆಗೆ ಚರಂಡಿ ಪಕ್ಕದಲ್ಲೇ ವೇದಿಕೆ ಹಾಕಿಸಿದ. ಪೇಟ ತೊಡಿಸಿ, ಶಾಲು ಹೊದಿಸಿ, ಸಾಹೇಬರ ಎರಡೂ ಕೈಗೆ ಹಣ್ಣಿನ ಬುಟ್ಟಿ ಕೊಟ್ಟ.

"ಮಾರಮ್ಮನ ಪ್ರಸಾದ ಸ್ವಾಮಿ, ನೆಲಕ್ಕೆ ಇಡೋ ಹಾಗಿಲ್ಲ."

ಸೊಳ್ಳೆಗಳು ಮುತ್ತಿದವು.

"ಅಯ್ಯಯ್ಯೋ, ಸೊಳ್ಳೆ ಕಣೋ! ಬುಟ್ಟಿ ಇಸ್ಕೊಳ್ಳೋ!"

"ಸೊಳ್ಳೆ ಎಲ್ಲಿಂದ ಬರ್ಬೇಕು ಸ್ವಾಮಿ? ತಾವೇ ನಿರ್ಮೂಲ ಮಾಡಿದ್ದೀರಲ್ಲ."

"ಹೊಗೆ ಯಂತ್ರ ನಾಳೆ ಕಳಿಸ್ತೀನೋ ಮಾರಾಯ!"

"ನಾಳೆ ಯಾಕೆ? ತಮ್ಮ ಫೋನು ನಾನೇ ಕಿವಿಗೆ ಹಿಡೀತೀನಿ, ಈಗ್ಲೇ ಹೇಳಿ. ಯಂತ್ರ ಬರಲಿ, ಬುಟ್ಟಿ ಇಸ್ಕೊಳ್ತೀನಿ."

ಯಂತ್ರ ಬಂತು. ಅಲ್ಲಿಯವರೆಗೂ ಸನ್ಮಾನ ನಡೆಯಿತು.